ಪಾಳಿ ಬರಲಿ, ತಡ್ರಿ

ನಮ್ಮ ಸಿಂಧನೂರಿನಲ್ಲಿ ಒಂದೇ ಕೆಲಸ ಮಾಡುತ್ತ ಕೂತವನನ್ನು ಕಂಡರೆ ಜನ ಕೇಳುವ ಮೊದಲ ಮಾತು, “ಯಾಕ್ರೀ, ಖಾಲಿ ಕುಂತೀರಿ?” ಪೇಪರ್ ಓದುತ್ತಿದ್ದರೂ ಖಾಲಿ, ಚಹಾ ಕುಡಿಯುತ್ತಿದ್ದರೂ ಖಾಲಿ. ಚಹಾ ಕುಡಿಯುತ್ತ, ಪೇಪರ್ ತಿರುವುತ್ತ, ಒಂದು ಕಿವಿಯಿಂದ ಫೋನಿನಲ್ಲಿ ಭತ್ತದ ರೇಟು, ಇನ್ನೊಂದು ಕಿವಿಯಿಂದ ಪಕ್ಕದ ಅಂಗಡಿಯ ಜಗಳ ಕೇಳುತ್ತ ಕೂತರೆ ಮಾತ್ರ “ಭಾಳ ಬಿಜಿ ಅದಾರ” ಎಂಬ ಗೌರವ.

ಊರಿನ ತಪ್ಪೇನೂ ಅಲ್ಲ. ತುಂಗಭದ್ರೆಯ ನೀರು ಬಂದ ಮೇಲೆ ಈ ಊರಿಗೆ ಕೂರಲು ಪುರುಸೊತ್ತು ಸಿಗಲಿಲ್ಲ. ರೈಸ್ ಮಿಲ್ಲು, ಗೊಬ್ಬರದ ಅಂಗಡಿ, ಟ್ರ್ಯಾಕ್ಟರ್ ಶೋರೂಂ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು, ಬಂಗಾಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪುಗಳು, ಎಲ್ಲ ಒಂದೇ ತಾಲ್ಲೂಕಿನಲ್ಲಿ. ಗೊಬ್ಬರದ ಅಂಗಡಿಯ ಸಾವ್ಕಾರ್ರು ಕನ್ನಡದಲ್ಲಿ ಹಳೇ ಉದ್ರಿ ಕೇಳುತ್ತ, ತೆಲುಗಿನಲ್ಲಿ ಯೂರಿಯಾ ಬಂದಿಲ್ಲ ಅನ್ನುತ್ತ, ಹಿಂದಿಯಲ್ಲಿ ಲಾರಿ ಡ್ರೈವರ್‌ನನ್ನು ಬೈಯುತ್ತ, ಎರಡೂ ಕೈಯಿಂದ ನೋಟು ಎಣಿಸುತ್ತಾರೆ. ನೋಡಿದವರು ಕೈ ಮುಗಿಯಬೇಕು. ಆಮೇಲೆ ನೋಟನ್ನು ಮತ್ತೆ ಮೊದಲಿನಿಂದ ಎಣಿಸುತ್ತಾರೆ, ಅದು ಬೇರೆ ಮಾತು.

ಬೈಕಿನವರ ವಿದ್ಯೆ ಇನ್ನೂ ದೊಡ್ಡದು. ಗಾಂಧಿ ಸರ್ಕಲ್‌ನಲ್ಲಿ ನಿಂತು ನೋಡಿ. ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿ, ಕುತ್ತಿಗೆ ವಾರೆ ಮಾಡಿಕೊಂಡು, ಮುಂದೆ ಯೂರಿಯಾ ಚೀಲ, ಹಿಂದೆ ಹೆಂಡತಿ, ಹೆಂಡತಿಯ ತೊಡೆಯ ಮೇಲೆ ಮಗು. ಆ ಹೆಂಡತಿಯೂ ಸುಮ್ಮನಿರುವುದಿಲ್ಲ, ಗಂಡನ ಫೋನಿನ ಮಾತಿಗೆ ಹಿಂದಿನಿಂದ ತಿದ್ದುಪಡಿ ಕೊಡುತ್ತಿರುತ್ತಾಳೆ. ನಮ್ಮ ಪೀಳಿಗೆಗೆ ಬರುವ ಕುತ್ತಿಗೆ ನೋವಿನ ಅರ್ಧ ಪಾಲು ವಯಸ್ಸಿನದಲ್ಲ, ಹೀಗೆ ವಾರೆಯಾಗಿ ಆಡಿದ ಮಾತಿನದು ಎಂದು ನನಗೆ ಬಲವಾದ ಗುಮಾನಿ.

ಇದಕ್ಕೆಲ್ಲ ಒಂದು ದೊಡ್ಡ ಹೆಸರಿದೆ ಎಂದು ಗೊತ್ತಾದದ್ದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮ ಅಕ್ಕನ ಮಗನಿಂದ. ದಸರೆಗೆ ಬಂದವನು ಮಡಿಲಲ್ಲಿ ಲ್ಯಾಪ್‌ಟಾಪು, ಕಿವಿಯಲ್ಲಿ ಮೀಟಿಂಗು, ಕೈಯಲ್ಲಿ ಮಂಡಾಳು ಒಗ್ಗರಣೆ ಹಿಡಿದು, “ಮಾವಾ, ಇದಕ್ಕ ಮಲ್ಟಿಟಾಸ್ಕಿಂಗ್ ಅಂತಾರ” ಅಂದ. ಆ ಮಾತು ಮೊದಲು ಬಂದದ್ದು ಮನುಷ್ಯರಿಗಾಗಿ ಅಲ್ಲವಂತೆ, 1960ರ ದಶಕದಲ್ಲಿ ಐಬಿಎಂ ಕಂಪನಿಯ ಕಂಪ್ಯೂಟರುಗಳಿಗಾಗಿ. “ಹಂಗಾರ ಕಂಪ್ಯೂಟರು ಏಕಕಾಲಕ್ಕ ಹತ್ತು ಕೆಲಸ ಮಾಡ್ತದೇನು?” ಅಂತ ಕೇಳಿದೆ. ಅವನು ಸ್ವಲ್ಪ ಹೊತ್ತು ಮಂಡಾಳು ಅಗಿದು, “ಆಗಿನ ಕಂಪ್ಯೂಟರು ಮಾಡ್ತಿದ್ದಿಲ್ಲ ಮಾವಾ. ಒಂದಿಷ್ಟು ಇದು, ಒಂದಿಷ್ಟು ಅದು, ಭಾಳ ಜಲ್ದಿ ಪಾಳಿ ಬದಲಿಸ್ತಿತ್ತು. ನೋಡೋರಿಗೆ ಎಲ್ಲಾ ಒಮ್ಮಿಗೇ ಆದಂಗ ಕಾಣ್ತಿತ್ತು” ಅಂದ. ಬದಲಿಸುವಾಗ ಎಲ್ಲಿ ಬಿಟ್ಟಿತ್ತು ಎಂಬುದನ್ನು ಅದು ಪ್ರತಿ ಸಲ ಬರೆದಿಟ್ಟುಕೊಳ್ಳಬೇಕಂತೆ, ಅದಕ್ಕೂ ಅಷ್ಟಿಷ್ಟು ಹೊತ್ತು ಬೇಕಂತೆ. ಯಂತ್ರವೇ ಬರೆದಿಟ್ಟುಕೊಂಡು ಮಾಡುವ ಕೆಲಸವನ್ನು ನಾವು ನೆನಪಿನ ಮೇಲೆ ನಂಬಿಕೆಯಿಟ್ಟು ಮಾಡಲು ಹೊರಟಿದ್ದೇವೆ.

ನಾನು ಗಂಜಿನಲ್ಲಿ, ಅಂದರೆ ದವಸದ ಮಾರುಕಟ್ಟೆಯಲ್ಲಿ, ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುವವನು. ಎಣಿಸುವ ಕಸುಬು ನಮ್ಮ ಮನೆಗೆ ಹಳೆಯದು. ನಮ್ಮ ತಾತ ಸುಗ್ಗಿಯಲ್ಲಿ ಕಣದಲ್ಲಿ ಜೋಳದ ರಾಶಿ ಅಳೆಯಲು ಹೋಗುತ್ತಿದ್ದರು. ಅಳೆಯಲು ಕೂತರೆ ಕಣದಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಮೊದಲ ಸೇರಿಗೆ ಒಂದು ಅನ್ನುತ್ತಿರಲಿಲ್ಲ, “ಲಾಭ” ಅನ್ನುತ್ತಿದ್ದರು. ಮುಂದಿನ ಸೇರು ತುಂಬಿ ಚೀಲಕ್ಕೆ ಬೀಳುವ ತನಕ “ಲಾಭ, ಲಾಭ, ಲಾಭ” ಎಂದು ರಾಗವಾಗಿ ಹೇಳುತ್ತಲೇ ಇರಬೇಕು, ಆಮೇಲೆ “ಎರಡು, ಎರಡು, ಎರಡು.” ನಡುವೆ ಗೌಡ್ರು ಬಂದು ರಾಮ್ ರಾಮ್ ಅಂದರೂ ತಾತನಿಂದ ತಿರುಗಿ ರಾಮ್ ರಾಮ್ ಇಲ್ಲ. ಗೌಡ್ರಿಗೂ ಅದು ಗೊತ್ತು, ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ರಾಶಿ ಮುಗಿದ ಮೇಲೆ ತಾತ ಎದ್ದು, ಮೈಮೇಲಿನ ಧೂಳು ಕೊಡವಿ, ಗೌಡ್ರ ಮುಂದೆ ಬಂದು ಆ ನಮಸ್ಕಾರಕ್ಕೆ ಸಾವಕಾಶವಾಗಿ ಉತ್ತರ ಕೊಡುತ್ತಿದ್ದರು. ಒಂದು ನಮಸ್ಕಾರ ಅಷ್ಟು ಹೊತ್ತು ಬಿಸಿಲಲ್ಲಿ ಕಾದು ನಿಂತರೂ ಬಾಡುತ್ತಿರಲಿಲ್ಲ.

ಈಗ ಗಂಜಿನಲ್ಲಿ ಎಲೆಕ್ಟ್ರಾನಿಕ್ ಕಾಟಾ ಇದೆ, ಕಂಪ್ಯೂಟರ್ ಇದೆ, ಟೆಂಡರು ಆನ್‌ಲೈನ್ ಆಗಿದೆ. ತೂಕಕ್ಕೆ ಲಾಭದ ರಾಗ ಬೇಕಾಗಿಲ್ಲ. ಆದರೆ ಲಾರಿಗೆ ಚೀಲ ಹೇರುವ ಹಮಾಲರ ಮುಂದೆ ನಿಂತು ಎಣಿಸುವವರ ಜೇಬಿನಲ್ಲಿ ಫೋನು “ಟಿಂಗ್” ಅಂದರೆ ಸಾಕು, ನಲವತ್ತಾರೋ ನಲವತ್ತೇಳೋ ಎಂಬ ಚರ್ಚೆ ಶುರು. ಹಮಾಲರು ನಲವತ್ತೇಳು ಅನ್ನುತ್ತಾರೆ, ಸಾವ್ಕಾರ್ರು ನಲವತ್ತಾರು ಅನ್ನುತ್ತಾರೆ, ಚೀಲ ಹೊತ್ತವನು ಹೊತ್ತುಕೊಂಡೇ ನಿಂತಿರುತ್ತಾನೆ. ಕೊನೆಗೆ ಫೋನು ತೆಗೆದು ನೋಡಿದರೆ ಅದರೊಳಗೆ ಗುಲಾಬಿ ಹೂವು, ಕೆಳಗೆ “ಶುಭೋದಯ.” ಮಧ್ಯಾಹ್ನ ಮೂರಕ್ಕೆ.

ಹೊತ್ತಿಲ್ಲದ ಹೊತ್ತಿಗೆ ಸುದ್ದಿ ತರಿಸಿಕೊಳ್ಳುವುದು ಹೊಸ ಖಾಯಿಲೆ ಅಂದುಕೊಳ್ಳಬೇಡಿ. ನಮ್ಮ ನೆರೆಯ ಮಸ್ಕಿಯ ಬಂಡೆಯ ಮೇಲೆ ಹೆಸರು ಕೊರೆಸಿಕೊಂಡ ದೊಡ್ಡ ಮನುಷ್ಯನಿಗೂ ಅದು ಇತ್ತು. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಕಣ್ಣಿಗೆ ಆ ಶಾಸನ ಬಿತ್ತು. ಬೇರೆ ಶಾಸನಗಳ ದೇವಾನಾಂಪ್ರಿಯ ಅಂದರೆ ಅಶೋಕನೇ ಎಂದು ಲೋಕಕ್ಕೆ ಖಚಿತವಾದದ್ದು ಅದರಿಂದ. ಆ ಅಶೋಕ ತನ್ನ ಆರನೆಯ ಬಂಡೆ ಶಾಸನದಲ್ಲಿ ಒಂದು ಅಪ್ಪಣೆ ಹೊರಡಿಸಿದ್ದಾನೆ: ತಾನು ಉಣ್ಣುತ್ತಿರಲಿ, ಅಂತಃಪುರದಲ್ಲಿರಲಿ, ಪಲ್ಲಕ್ಕಿಯಲ್ಲಿರಲಿ, ತೋಟದಲ್ಲಿರಲಿ, ಪ್ರಜೆಗಳ ಕೆಲಸವಿದ್ದರೆ ವರದಿಗಾರರು ಯಾವ ಹೊತ್ತಿಗಾದರೂ ಬಂದು ಹೇಳಬಹುದು. ಇಷ್ಟು ದೊಡ್ಡ ರಾಜ್ಯವನ್ನು ತಲೆಯ ಮೇಲೆ ಹೊತ್ತವನು ಹಾಗೆ ಹೇಳಿದರೆ ಒಪ್ಪಬೇಕು. ಆದರೆ ನಮ್ಮ ಊರಿನ ಪ್ರತಿಯೊಬ್ಬನೂ ತನ್ನ ಫೋನಿಗೆ ಅದೇ ಅಪ್ಪಣೆ ಹೊರಡಿಸಿ ಕೂತಿದ್ದಾನೆ. ಉಣ್ಣುವಾಗ ಬಾ, ಮಲಗುವಾಗ ಬಾ, ಬಯಲಿಗೆ ಹೋದರೂ ಬಾ. ಅಶೋಕನ ಹತ್ತಿರ ಪ್ರಜೆಗಳ ಕಷ್ಟ ಬರುತ್ತಿತ್ತು, ನಮ್ಮ ಹತ್ತಿರ ಗುಲಾಬಿ ಹೂವು ಬರುತ್ತದೆ. ರಾಜ್ಯವಿಲ್ಲದ ಅಶೋಕರು ನಾವು.

ಅದೇ ರಾಜ ಮಸ್ಕಿಯ ಬಗೆಯ ಕಿರು ಶಾಸನಗಳಲ್ಲಿ ಇನ್ನೊಂದು ಮಾತು ಹೇಳಿಸಿದ್ದಾನೆ. ತಾನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಆದರೆ ಮೊದಮೊದಲು ಮನಸ್ಸಿಟ್ಟು ಶ್ರಮಿಸಲಿಲ್ಲ. ಸಂಘದ ಹತ್ತಿರ ಹೋದ ಮೇಲೆ, ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ, ಶ್ರದ್ಧೆಯಿಂದ ದುಡಿಯುತ್ತಿದ್ದೇನೆ ಎಂದು. ಸಾಮ್ರಾಜ್ಯ ಒಂದು ಕೈಯಲ್ಲಿ, ಧರ್ಮ ಇನ್ನೊಂದು ಕೈಯಲ್ಲಿ ಹಿಡಿದವನಿಗೆ ಧರ್ಮಕ್ಕೆ ಕೈ ಕೂಡಲು ಅಷ್ಟು ಕಾಲ ಬೇಕಾಯಿತು ಎಂದು ನಾನು ಓದಿಕೊಳ್ಳುತ್ತೇನೆ. ಇತಿಹಾಸದ ಮೇಷ್ಟರು ಒಪ್ಪಲಿಕ್ಕಿಲ್ಲ.

ಒಂದು ಹೊತ್ತಿಗೆ ಒಂದೇ ಕೆಲಸ ಎಂಬ ಈ ವಾದವನ್ನು ಮನೆಯಲ್ಲಿ ಮಂಡಿಸಿದಾಗ ಹೆಂಡತಿ ನಕ್ಕಳು. “ನಿಮಗೇನ್ರೀ, ಲೆಕ್ಕ ಬರ್ಕೊಂತ ಕುಂದ್ರತೀರಿ. ನಾವು ಒಂದೇ ಕೆಲಸ ಹಿಡಕೊಂಡು ಕುಂತ್ರ ಮನಿ ನಡೀತೇತೇನು?” ಉತ್ತರ ಕೊಡಲು ಕಷ್ಟವಾದ ಪ್ರಶ್ನೆ. ಅವ್ವ ಜೋಳದ ರೊಟ್ಟಿ ಮಾಡುವುದನ್ನು ನೋಡುತ್ತ ಬೆಳೆದವನು ನಾನು. ಅಂಗೈ ಕೆಳಗೆ ಒಂದು ರೊಟ್ಟಿ ತಿರುಗುತ್ತ ಅಗಲವಾಗುತ್ತಿರುತ್ತದೆ, ಹಂಚಿನ ಮೇಲೆ ಇನ್ನೊಂದು ನೀರು ಸವರಿಸಿಕೊಂಡು ಬೇಯುತ್ತಿರುತ್ತದೆ, ಒಲೆಯ ಬಾಯಿಗೆ ಮತ್ತೊಂದು ಒರಗಿ ನಿಂತು ಉಬ್ಬುತ್ತಿರುತ್ತದೆ. ಇದರ ನಡುವೆ ಕಟ್ಟಿಗೆ ಮುಂದಕ್ಕೆ ತಳ್ಳಬೇಕು, ತೊಟ್ಟಿಲ ಹಗ್ಗ ಕಾಲಿನಿಂದ ಎಳೆಯಬೇಕು, ಬಾಗಿಲಿಗೆ ಬಂದ ನೆರೆಮನೆಯವಳ ಸುದ್ದಿ ಕೇಳಬೇಕು. ಯಾವ ರೊಟ್ಟಿಯೂ ಸೀಯುತ್ತಿರಲಿಲ್ಲ.

ಆದರೆ ಬಿಡಿಸಿ ನೋಡಿದರೆ ಅವ್ವ ಮಾಡುತ್ತಿದ್ದದ್ದು ಒಂದೇ ಕೆಲಸ, ರೊಟ್ಟಿ. ಬಡಿಯುವುದು, ಬೇಯಿಸುವುದು, ಒರಗಿಸುವುದು ಮೂರೂ ಅದರ ಪಾಳಿಗಳು. ಒಂದರ ಹೊತ್ತು ಮುಗಿದಾಗಲೇ ಇನ್ನೊಂದರ ಹೊತ್ತು ಬರುತ್ತಿತ್ತು. ಕಾಲಿನ ಹಗ್ಗಕ್ಕೆ ತಲೆ ಬೇಕಾಗಿರಲಿಲ್ಲ, ವರ್ಷಗಳ ರೂಢಿ ಸಾಕಿತ್ತು. ನೆರೆಮನೆಯವಳ ಸುದ್ದಿಗೂ ಅಷ್ಟೇ, ಅದು ದಿನಾ ಅದೇ ಸುದ್ದಿ. ತಲೆ ಬೇಡುವ ಎರಡು ಕೆಲಸ ಒಟ್ಟಿಗೆ ಬಂದರೆ ಅವ್ವನೂ ಕೈ ನಿಲ್ಲಿಸುತ್ತಿದ್ದಳು. ಸಂಘದ ಚೀಟಿ ದುಡ್ಡಿನ ಲೆಕ್ಕ ಕೇಳಲು ಯಾರಾದರೂ ಬಂದರೆ, “ತಡಿಯವ್ವ, ಈ ರೊಟ್ಟಿ ಇಳಿಸ್ತೀನಿ” ಅನ್ನುವುದೇ ಮೊದಲ ಮಾತು. ಇನ್ನು, ಇಷ್ಟೆಲ್ಲ ಒಬ್ಬಳ ಮೇಲೆಯೇ ಯಾಕೆ ಬೀಳಬೇಕು ಎಂಬ ಪ್ರಶ್ನೆಯನ್ನು ಹೆಂಡತಿ ಕೇಳಿದ್ದಾಳೆ. ಅದರ ಉತ್ತರವಾಗಿ ಸಂಜೆ ಕಾಯಿಪಲ್ಯ ಸೋಸುವ ಪಾಳಿ ನನ್ನ ಪಾಲಿಗೆ ಬಂದಿದೆ.

ತಲೆ ಬೇಡುವ ಎರಡು ಕೆಲಸ ಒಟ್ಟಿಗೆ ಮಾಡಬಲ್ಲವರು ಇಲ್ಲವೇ ಇಲ್ಲ ಅಂತಲ್ಲ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ವಾಟ್ಸನ್ ಮತ್ತು ಸ್ಟ್ರೇಯರ್ ಎಂಬ ಇಬ್ಬರು 200 ಜನರನ್ನು ಒಬ್ಬೊಬ್ಬರಾಗಿ ಕಾರು ಓಡಿಸುವ ಸಿಮ್ಯುಲೇಟರಿನಲ್ಲಿ ಕೂರಿಸಿ, ಜೊತೆಗೆ ಫೋನಿನಲ್ಲಿ ನೆನಪಿನ ಪರೀಕ್ಷೆಯನ್ನೂ ಲೆಕ್ಕವನ್ನೂ ಕೊಟ್ಟರು. 2010ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಎರಡನ್ನೂ ಕೆಡಿಸದೆ ನಿಭಾಯಿಸಿದವರು ನೂರಕ್ಕೆ ಎರಡೂವರೆ, ಅಂದರೆ 5 ಜನ. ಗಂಜಿನಲ್ಲಿ ಇದನ್ನು ಹೇಳಿದೆ. ಕೇಳಿದವರೆಲ್ಲ ಆ ಐವರಲ್ಲಿ ತಾವೊಬ್ಬರು ಎಂಬ ನಗು ನಕ್ಕು ಫೋನು ನೋಡತೊಡಗಿದರು. ಸ್ಟ್ಯಾನ್‌ಫರ್ಡಿನ ಒಫಿರ್, ನಾಸ್, ವಾಗ್ನರ್ ಎಂಬುವರು 2009ರಲ್ಲಿ ಕಂಡದ್ದು ಇನ್ನೂ ಮಜವಾಗಿದೆ. ಟಿವಿ, ಫೋನು, ಕಂಪ್ಯೂಟರು ಎಲ್ಲ ಒಟ್ಟಿಗೆ ನೋಡುವ ಅಭ್ಯಾಸ ಯಾರಿಗೆ ಹೆಚ್ಚೋ ಅವರೇ ಬೇಡದ್ದನ್ನು ಬದಿಗೆ ಸರಿಸುವುದರಲ್ಲಿ ಹಿಂದೆ, ಒಂದರಿಂದ ಇನ್ನೊಂದಕ್ಕೆ ಹೊರಳುವುದರಲ್ಲೂ ನಿಧಾನ. ಈಜಿದಷ್ಟೂ ಈಜು ಬರಬೇಕು. ಇಲ್ಲಿ ಈಜಿದಷ್ಟೂ ಮುಳುಗುವುದು.

ಯಾಕೆ ಹೀಗೆ ಎಂದು ವಿದ್ವಾಂಸರನ್ನು ಕೇಳಿದರೆ ದೊಡ್ಡ ಪುಸ್ತಕ ತೆಗೆಯುತ್ತಾರೆ. ನಮ್ಮ ಸೀಮೆಯ ಯಾವ ರೈತನನ್ನು ಕೇಳಿದರೂ ನಾಲೆಯ ದಂಡೆಯ ಮೇಲೆ ನಿಲ್ಲಿಸಿ ತೋರಿಸುತ್ತಾನೆ. ಗಮನ ಅಂದರೆ ನಮ್ಮ ತುಂಗಭದ್ರಾ ಎಡದಂಡೆ ನಾಲೆಯ ನೀರು. ಮುನಿರಾಬಾದಿನಲ್ಲಿ ಹೊರಟು ಗಂಗಾವತಿ, ಕಾರಟಗಿ ಹಾದು, ಸಿಂಧನೂರು, ಮಸ್ಕಿ, ಮಾನ್ವಿ ದಾಟಿ ರಾಯಚೂರಿನ ಕಡೆಗೆ 227 ಕಿಲೋಮೀಟರ್ ಹೋಗಬೇಕು. ಹೊರಡುವಾಗ ಭರ್ತಿ. ಮೇಲಿನವರೆಲ್ಲ ಒಟ್ಟಿಗೆ ತೂಬು ಎತ್ತಿ, ಪಂಪು ಹಚ್ಚಿದರೆ ಕೊನೆ ಭಾಗದವನಿಗೆ ಬರುವುದು ನೀರಲ್ಲ, ನೀರು ಬಿಟ್ಟಿದ್ದೇವೆ ಎಂಬ ಸುದ್ದಿ. ಅದಕ್ಕೇ ಗೇಜು, ಅದಕ್ಕೇ ಪಾಳಿ, ಅದಕ್ಕೇ ಪ್ರತಿ ವರ್ಷ ಧರಣಿ. ನಮ್ಮ ದಿನವೂ ಹೀಗೆಯೇ ಹರಿಯುತ್ತದೆ. ಬೆಳಿಗ್ಗೆ ಭರ್ತಿ ಇರುವ ತಲೆಯಿಂದ ಗುಲಾಬಿ ಹೂವು ಒಂದಿಷ್ಟು, ಬೇರೆ ಊರಿನ ಆಕ್ಸಿಡೆಂಟಿನ ವಿಡಿಯೋ ಒಂದಿಷ್ಟು, ಗ್ರೂಪಿನ ರಾಜಕೀಯ ಒಂದಿಷ್ಟು ಎತ್ತಿಕೊಂಡ ಮೇಲೆ, ಸಂಜೆಯ ಕೊನೆ ಭಾಗದಲ್ಲಿ ಹೆಂಡತಿ, ಮಕ್ಕಳು, ಮುಪ್ಪಿನ ತಂದೆ-ತಾಯಿ ಒಣ ಹೊಲ ನೋಡುತ್ತ ಕೂತಿರುತ್ತಾರೆ. ಅವರು ಧರಣಿ ಕೂರುವುದಿಲ್ಲ, ಅಷ್ಟೇ.

ನಾಲೆಯಲ್ಲಿ ಇನ್ನೊಂದು ನಷ್ಟವಿದೆ. ಒಂದು ತೂಬು ಮುಚ್ಚಿ ಇನ್ನೊಂದು ತೆಗೆದ ಕೂಡಲೇ ನೀರು ಪೂರಾ ತಿರುಗುವುದಿಲ್ಲ, ಹಳೇ ಕಾಲುವೆಯಲ್ಲಿ ಸ್ವಲ್ಪ ನಿಂತೇ ಇರುತ್ತದೆ. ಸೋಫಿ ಲೆರಾಯ್ ಎಂಬ ವಿದುಷಿ 2009ರಲ್ಲಿ ಮನಸ್ಸಿನಲ್ಲೂ ಇದನ್ನೇ ಕಂಡರು. ಮುಗಿಯದ ಕೆಲಸ ಬಿಟ್ಟು ಇನ್ನೊಂದಕ್ಕೆ ಹೋದವನ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿಯುತ್ತದೆ, ಹೊಸ ಕೆಲಸ ಆ ಮಟ್ಟಿಗೆ ಕೆಡುತ್ತದೆ. ಊಟಕ್ಕೆ ಕೂತ ಗಂಡ ಉಪ್ಪು ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಹೇಳಲಾರದೆ ಇದ್ದರೆ ಸಂಶಯ ಪಡಬೇಡಿ, ಅವನ ನಾಲಿಗೆ ಇನ್ನೂ ಗಂಜಿನಲ್ಲಿದೆ.

ನಮ್ಮವ್ವನಿಗೆ ಈಗ ರೊಟ್ಟಿ ಬಡಿಯುವ ಶಕ್ತಿ ಇಲ್ಲ, ಕಥೆ ಹೇಳುವ ಶಕ್ತಿ ಇದೆ. ಕಥೆಗೆ ಹೂಂಗುಟ್ಟುವವರು ಬೇಕು. ಹೂಂ ಬಂದರೆ ಕಥೆ ಮುಂದೆ ಹೋಗುತ್ತದೆ, ನಿಂತರೆ ಮಗು ಮಲಗಿತು ಎಂದು ಅರ್ಥ. ಮೊನ್ನೆ ಮೊಮ್ಮಗನಿಗೆ ಏಳು ಸಮುದ್ರದಾಚೆಯ ಗಿಳಿಯ ಕಥೆ ಹೇಳುತ್ತಿದ್ದಳು. ಅವನು ಫೋನಿನಲ್ಲಿ ಕ್ರಿಕೆಟ್ ಆಡುತ್ತ ಹೂಂ ಅನ್ನುತ್ತಿದ್ದ. ರಾಜಕುಮಾರ ನಾಲ್ಕನೇ ಸಮುದ್ರ ದಾಟಿದ ಮೇಲೆ ಅವ್ವ ಸುಮ್ಮನಾದಳು. ಹೂಂ ಮಾತ್ರ ಬರುತ್ತಲೇ ಇತ್ತು. ಅವ್ವ ನನ್ನ ಕಡೆ ತಿರುಗಿ, “ನೋಡಪ್ಪಾ, ಕಥಿ ಇಲ್ದಾನೂ ಹೂಂಗುಡಾಕ ಕಲ್ತಾನ, ಭಾರೀ ಶಾಣ್ಯಾ” ಅಂದಳು. ಎಲ್ಲರೂ ನಕ್ಕೆವು. ರಾಜಕುಮಾರ ಇನ್ನೂ ನಾಲ್ಕನೇ ಸಮುದ್ರದ ದಂಡೆಯಲ್ಲೇ ಇದ್ದಾನೆ.

ಹಾಗಾದರೆ ಹಲವು ಕೆಲಸ ಹೊತ್ತುಕೊಳ್ಳಲೇಬಾರದೇ? ಹೊರಬೇಕು, ಹೊರುವ ಕ್ರಮವನ್ನು ನಮ್ಮವರೇ ಕಲೆ ಮಾಡಿದ್ದಾರೆ. ಅಷ್ಟಾವಧಾನ ನೋಡಿ. ಎಂಟು ಜನ ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು, ಅವಧಾನಿಯ ಸುತ್ತ ಕೂತಿರುತ್ತಾರೆ. ಒಬ್ಬರು ಅವಧಾನಿ ಬಳಸಬಹುದಾದ ಅಕ್ಷರವನ್ನೇ ನಿಷೇಧಿಸುತ್ತ ಹೋಗುತ್ತಾರೆ, ಒಬ್ಬರು ಪದ್ಯದ ಕೊನೆಯ ಸಾಲನ್ನೇ ಸಮಸ್ಯೆಯಾಗಿ ಕೊಟ್ಟು ಉಳಿದದ್ದನ್ನು ಕಟ್ಟು ಅನ್ನುತ್ತಾರೆ, ಇನ್ನೊಬ್ಬರು ಒಂದಕ್ಕೊಂದು ಹೊಂದದ ನಾಲ್ಕು ಪದ ಕೊಟ್ಟು ಪದ್ಯದೊಳಗೆ ಸೇರಿಸು ಅನ್ನುತ್ತಾರೆ. ಕೈಯಲ್ಲಿ ಕಾಗದವಿಲ್ಲ, ಪೆನ್ನಿಲ್ಲ. ಶತಾವಧಾನಿ ಆರ್. ಗಣೇಶ್ ಅವರು 2012ರಲ್ಲಿ ಬೆಂಗಳೂರಿನಲ್ಲಿ ಇದನ್ನು ನೂರು ಪೃಚ್ಛಕರ ಮುಂದೆ ಕನ್ನಡದಲ್ಲಿ ಮಾಡಿ ತೋರಿಸಿದರು. ಮಲ್ಟಿಟಾಸ್ಕಿಂಗಿನ ತುತ್ತತುದಿ ಇದೇ ಅಂತ ಅಕ್ಕನ ಮಗ ಕುಣಿದಾಡಿದ. ಸರಿಯಾಗಿ ನೋಡು ಅಂದೆ. ಅವಧಾನಿ ಒಬ್ಬರ ಪ್ರಶ್ನೆಗೆ ಒಂದು ಸಾಲು ಕೊಟ್ಟು ಮುಂದಿನವರ ಕಡೆ ತಿರುಗುತ್ತಾರೆ. ಒಂದು ಸುತ್ತು ಮುಗಿದ ಮೇಲೆ ಎರಡನೇ ಸಾಲು. ಹೀಗೆ ಸುತ್ತು ಸುತ್ತಾಗಿ ಪದ್ಯ ಬೆಳೆದು, ಕೊನೆಗೆ ಎಲ್ಲ ಪದ್ಯಗಳನ್ನೂ ಪೂರ್ತಿಯಾಗಿ ನೆನಪಿನಿಂದ ಒಪ್ಪಿಸುತ್ತಾರೆ. ಪದ್ಯ ಕೇಳುವವರಲ್ಲಿ ಒಬ್ಬರ ಪಾಳಿಯಲ್ಲಿ ಇನ್ನೊಬ್ಬರು ನುಗ್ಗುವಂತಿಲ್ಲ. ಹರಟೆ ಹಿಡಿದು ನುಗ್ಗುವ ಅಧಿಕಾರ ಒಬ್ಬರಿಗೆ ಮಾತ್ರ, ಅಪ್ರಸ್ತುತ ಪ್ರಸಂಗದವರಿಗೆ. ಅವರ ಕೆಲಸವೇ ನಡುವೆ ಬಾಯಿ ಹಾಕಿ ಅವಧಾನಿಯ ಏಕಾಗ್ರತೆ ಕೆಡಿಸುವುದು. ಎಂಟರಲ್ಲಿ ಒಬ್ಬರೇ ಅಂಥವರು ಸಾಕು ಎಂದು ಹಿರಿಯರು ತೂಗಿ ನೋಡಿಯೇ ಇಟ್ಟಿರಬೇಕು. ನಮ್ಮ ಇಂದಿನ ಸಭೆಯಲ್ಲಿ ಅಪ್ರಸ್ತುತ ಪ್ರಸಂಗದವರೇ ಏಳು ಮಂದಿ. ಪದ್ಯ ಕೇಳುವ ಎಂಟನೆಯವರಿಗೆ ಪಾಳಿ ಬರುವುದರೊಳಗೆ ಸಭೆ ಮುಗಿದಿರುತ್ತದೆ.

ನಮ್ಮ ಜನಕ್ಕೆ ಏಕಾಗ್ರತೆ ಬಾರದು ಅನ್ನುವಂತಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಚೈನು ಕಡಿದು ಕೊಚ್ಚಿಹೋಯಿತು. ಡ್ಯಾಮು ಭರ್ತಿಯಾಗಿತ್ತು, ಗದ್ದೆಗಳಲ್ಲಿ ನಾಟಿಯ ಹಂಗಾಮು. 33 ಗೇಟಿನಲ್ಲಿ ಒಂದು ಹೋಗಿತ್ತು, ಇಡೀ ಸೀಮೆಯ ಕಣ್ಣು ಆ ಒಂದರ ಮೇಲೆ ನಿಂತಿತು. ಆ ವಾರ ಗಂಜಿನಲ್ಲಿ ಬೇರೆ ಮಾತಿಲ್ಲ, ಹೋಟೆಲಿನಲ್ಲಿ ಬೇರೆ ಮಾತಿಲ್ಲ, ಫೋನಿನಲ್ಲಿ ಗುಲಾಬಿ ಹೂವೂ ಇಲ್ಲ. ಹರಿಯುವ ನೀರಿನಲ್ಲೇ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಗೇಟಿನ ಉಕ್ಕಿನ ತುಂಡುಗಳನ್ನು ಇಳಿಸಿದರು. ಎಲ್ಲ ಒಮ್ಮೆಗೇ ಅಲ್ಲ, ಒಂದು ಕೂತ ಮೇಲೆ ಅದರ ಮೇಲೆ ಇನ್ನೊಂದು. ವಾರದಲ್ಲಿ ನೀರು ನಿಂತಿತು. ನೀರು ನಿಂತ ಮರುದಿನವೇ ನಾವೂ ಮತ್ತೆ ಭಾಳ ಬಿಜಿಯಾದೆವು.

ಕಾಲು ಶತಮಾನಕ್ಕೂ ಮಿಕ್ಕಿ ರೈಲಿಗೆ ಕಾದ ಊರು ನಮ್ಮದು. 2024ರಲ್ಲಿ ಅದು ಬಂತು. ಅಷ್ಟು ಕಾಯಲು ಬಂದವರಿಗೆ ಒಂದು ಫೋನನ್ನು ಹತ್ತು ನಿಮಿಷ ಕಾಯಿಸಲು ಬರುವುದಿಲ್ಲವೇ? “ಹತ್ತು ಕಟ್ಟುವಲ್ಲಿ ಒಂದು ಮುತ್ತು ಕಟ್ಟು” ಎಂದು ಹಿರಿಯರು ಹೇಳಿದರು. ಹತ್ತೂ ಕಟ್ಟಲೇಬೇಕಾದ ಕಾಲ ಇದು, ಅದನ್ನು ಒಪ್ಪುತ್ತೇನೆ. ಕಟ್ಟೋಣ, ಒಂದೊಂದಾಗಿ. ಬ್ಯಾಂಕಿನಲ್ಲಿ, ರೇಷನ್ ಅಂಗಡಿಯಲ್ಲಿ ಯಾರಾದರೂ ನಡುವೆ ನುಗ್ಗಿದರೆ ಕೊರಳು ಹಿಡಿಯುವ ಜನ ನಾವು. ಎದುರಿಗೆ ಕೂತು ಮಾತಾಡುತ್ತಿರುವವರು ಪಾಳಿಯಲ್ಲಿ ಮೊದಲು ನಿಂತವರು, ಫೋನು ಆಮೇಲೆ ಬಂದದ್ದು. ಇನ್ನು ಮುಂದೆ ಅದು ನಡುವೆ ನುಗ್ಗಿದಾಗ ಮರ್ಯಾದೆಯಿಂದಲೇ ಹೇಳಿಬಿಡಿ: ಪಾಳಿ ಬರಲಿ, ತಡ್ರಿ.